ಕುರಿ ಕರೆಯುವ ದನಿ

ಮೊದಲು ತುಂಡಾದದ್ದು ಕರೆ.

ಕಬ್ಬು ಕಡಿದು ಮುಗಿದ ಹೊಲವೊಂದರಲ್ಲಿ ಕುರಿ ತರುಬಿದ್ದೆವು. ನೆಲಕ್ಕೆ ಗೊಬ್ಬರವಾಗಲಿ ಎಂದು ಹೊಲದವರು ಕರೆಯುತ್ತಾರೆ, ನಾವು ಹಿಂಡನ್ನು ತಂದು ಅಲ್ಲಿ ನಿಲ್ಲಿಸುತ್ತೇವೆ. ಬೀಳಗಿ ತಾಲೂಕಿನ ನಮ್ಮಂಥ ಕುರುಬರ ಮನೆಗಳಿಗೆ ಇದು ಪ್ರತಿ ವರ್ಷದ ಕೆಲಸ. ಹೊತ್ತು ಇಳಿಯುವಾಗ ನಮ್ಮವರು ಬದುವಿನ ಮೇಲೆ ನಿಂತು ಎಂದಿನಂತೆ ಕರೆದರು. ನನ್ನ ಗಂಡನ ಕರೆ ಒಂದೇ ಉಸಿರಿನದು. ಕೆಳಗಿನಿಂದ ಎದ್ದು, ನಾಲಿಗೆಯ ಮೇಲೆ ಗುರುಗುಟ್ಟಿ, ಕೊನೆಗೆ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಅಂದು ಗುರುಗುಟ್ಟುವಲ್ಲಿಗೇ ಮುರಿಯಿತು. ಕುರಿಗಳು ತಲೆ ಎತ್ತಿದವು. ಬರಲಿಲ್ಲ.

"ಯಾಕ್ರಿ, ಏನಾತು?" ಎಂದೆ.

"ಏನಿಲ್ಲ. ದಮ್ಮ ಹತ್ತೇತಿ," ಎಂದು ಬದುವಿನ ಮೇಲೆ ಕುಳಿತುಬಿಟ್ಟರು.

ದಿನವೆಲ್ಲ ಹಿಂಡಿನ ಹಿಂದೆ ನಡೆಯುವ ಮನುಷ್ಯನಿಗೆ ನಿಂತಲ್ಲಿ ದಮ್ಮು ಹತ್ತಬಾರದು. ನನಗೆ ಅಷ್ಟು ತಿಳಿಯುತ್ತಿತ್ತು. ಜಮಖಂಡಿಯಲ್ಲಿ ತೋರಿಸಿದ ಡಾಕ್ಟರರಿಗೆ ತಿಳಿಯಲಿಲ್ಲ. ಹೊಟ್ಟೆ ಒತ್ತಿ ನೋಡಿ ಗ್ಯಾಸ್ ಎಂದರು, ಗುಳಿಗೆ ಬರೆದರು, ಖಾರ ಬಿಡಲು ಹೇಳಿದರು. ಖಾರ ಬಿಟ್ಟೆವು. ಕಾಲು ಬಾತವು. ಪಾದದ ಮೇಲೆ ಬೆರಳು ಒತ್ತಿದರೆ ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ ಬೀಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡತೊಡಗಿದರು. ಮತ್ತೆ ಹೋದಾಗ ಅದೇ ಡಾಕ್ಟರು ಅದೇ ಗುಳಿಗೆಯನ್ನು ಎರಡು ಹೊತ್ತು ಮಾಡಿದರು. ಚೀಟಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ.

ಮುಧೋಳದಲ್ಲಿ ಇನ್ನೊಬ್ಬರು ಎಕೋ ಮಾಡಿಸಿದರು. ಪರದೆಯ ಮೇಲೆ ಬೆಳ್ಳಗಿನದೇನೋ ನಿಧಾನಕ್ಕೆ ಅಲುಗುತ್ತಿತ್ತು. ಅದೇ ನನ್ನ ಗಂಡನ ಹೃದಯವಂತೆ.

"ಹಾರ್ಟ್ ಹಿಗ್ಗೇತವ್ವಾ. ಪಂಪಿಂಗ್ ಭಾಳ ಕಡಿಮಿ ಐತಿ. ಇಲ್ಲಿ ಆಗೂದಲ್ಲ ಇದು."

ಅವರಿಗೆ ಇನ್ನೂ ನಲವತ್ತೆರಡು ತುಂಬಿರಲಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಹತ್ತನೆಯ ತನಕ ಓದಿದ್ದೇನೆ, ಬ್ಲೌಸ್ ಹೊಲಿಯುತ್ತೇನೆ. ಆಲಮಟ್ಟಿಯ ಹಿನ್ನೀರಿಗೆ ಊರು ಮುಳುಗಿ ನಾವು ಪುನರ್ವಸತಿ ಕೇಂದ್ರಕ್ಕೆ ಬಂದಾಗ ಹೆಂಗಸರಿಗೆ ಹೊಲಿಗೆ ಕಲಿಸಿದರು, ಆಗ ಕಲಿತದ್ದು. ಊರು ಮುಳುಗುವ ಮುಂಚೆ ಸಾಹೇಬರು ಬಂದು ಜೀಪಿನಲ್ಲೇ ಕುಳಿತು ಏನೇನೋ ಓದಿ ಹೋಗುತ್ತಿದ್ದರು. ಆಮೇಲೆ ಯಾರಾದರೂ ಹೋಗಿ ಕೇಳಿದರೆ, ಹೇಳಿದ್ದೇವಲ್ಲ ಎನ್ನುತ್ತಿದ್ದರು. ಹೇಳಿದ್ದೇವಲ್ಲ ಎಂಬ ಮಾತಿಗೆ ನನ್ನ ಮೈ ಉರಿಯುವುದು ಆಗಿನಿಂದ. ಗಂಡನ ಕಾಯಿಲೆಯಲ್ಲೂ ಆ ಮಾತನ್ನು ಕೇಳಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಮುಧೋಳದವರು ದೂರದ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಹೆಸರು ಹೇಳುವುದಿಲ್ಲ. ಅಲ್ಲಿ ನಮ್ಮ ಕಡೆಯ ಮಾತಾಡುವವರು ಒಬ್ಬರೂ ಇರಲಿಲ್ಲ. ಮೊದಲು ಗುಳಿಗೆಗಳನ್ನು ಕೊಟ್ಟರು, ಉಪ್ಪು ಬಿಡಿಸಿದರು, ನೀರನ್ನು ಅಳೆದು ಕುಡಿಸಿದರು. ಬಾವು ಇಳಿಯಿತು. ಪಂಪಿಂಗ್ ಏರಲಿಲ್ಲ. ಆಗ ಹಿರಿಯ ಡಾಕ್ಟರು ನಮ್ಮನ್ನು ಕೂರಿಸಿಕೊಂಡು, ಹೊಸ ಚಿಕಿತ್ಸೆಯೊಂದರ ಸ್ಟಡಿ ನಡೆಯುತ್ತಿದೆ, ಒಪ್ಪಿದರೆ ಸೇರಿಸಿಕೊಳ್ಳುತ್ತೇವೆ ಎಂದರು. ಮಿದುಳಿನಿಂದ ಕುತ್ತಿಗೆಯ ಮೂಲಕ ಹೃದಯಕ್ಕೆ ಒಂದು ನರ ಇಳಿಯುತ್ತದೆ. ಆ ನರಕ್ಕೆ ಸಣ್ಣ ತಂತಿ ಸುತ್ತಿ, ಬಲಗಡೆ ಎದೆಯ ಮೇಲ್ಭಾಗದಲ್ಲಿ ಚರ್ಮದೊಳಗೆ ಬ್ಯಾಟರಿಯ ಮಷೀನ್ ಇಟ್ಟು, ಆಗಾಗ ಸ್ವಲ್ಪ ಕರೆಂಟು ಹಾಯಿಸುತ್ತಾರೆ.

"ಹೃದಯಾನ ಓಡಿಸೋ ನರ ಬೇರೆ, ತಡೆಯೋ ನರ ಬೇರೆ. ನಿಮ್ಮಲ್ಲಿ ಓಡಿಸೋದು ಜಾಸ್ತಿ ಆಗಿದೆ. ತಡೆಯೋ ನರಕ್ಕೆ ನಾವು ಶಕ್ತಿ ಕೊಡ್ತೀವಿ," ಎಂದರು.

ನಮ್ಮವರಿಗೆ ಇದು ನನಗಿಂತ ಮೊದಲು ತಿಳಿಯಿತು.

"ಅಂದ್ರ ಹಿಂಡಿನ ಹಿಂದ ಹೊಡ್ಯಾಂವ ಅದಾನ, ಮುಂದ ನಿಂತು ತಡಿಯಾಂವ ಇಲ್ಲ. ಹಂಗೇನ್ರಿ?"

ಡಾಕ್ಟರು ಜೋರಾಗಿ ನಕ್ಕರು. ಈ ಮಾತನ್ನು ಅವರು ಆಮೇಲೆ ತಮ್ಮ ವಿದ್ಯಾರ್ಥಿಗಳಿಗೂ ಹೇಳಿದ್ದನ್ನು ಕೇಳಿದ್ದೇನೆ. ಯಾರು ಹೇಳಿದ್ದೆಂದು ಮಾತ್ರ ಹೇಳಲಿಲ್ಲ.

"ಇದರಿಂದ ಗುಣ ಆಕ್ಕೈತೇನ್ರಿ?" ಎಂದು ನಾನು ಕೇಳಿದೆ.

"ಅದನ್ನ ತಿಳ್ಕೊಳ್ಳೋದಕ್ಕೇ ಸ್ಟಡಿ."

ಕಾಗದಗಳನ್ನು ಕನ್ನಡದಲ್ಲೇ ಕೊಟ್ಟಿದ್ದರು, ಸುಳ್ಳು ಹೇಳಬಾರದು. ಕುಳಿತು ಪೂರ್ತಿ ಓದಿದೆ. ಧ್ವನಿಯಲ್ಲಿ ತಾತ್ಕಾಲಿಕ ವ್ಯತ್ಯಾಸ ಸಂಭವಿಸಬಹುದು ಎಂದು ಒಂದು ಸಾಲಿತ್ತು. ನೆಗಡಿಯಾದಾಗ ಆಗುವಂಥದ್ದು ಇರಬೇಕು ಎಂದುಕೊಂಡೆ. ಅತ್ತೆಗೆ ಮಾತ್ರ ಇದು ಸುತರಾಂ ಬೇಡವಾಗಿತ್ತು.

"ಕೊಳ್ಳಾಗ ಕತ್ತಿ ಆಡಸ್ತಾರಂತ. ಅಂವೇನ್ ಕುರಿ ಏನ?" ಎಂದು ಅತ್ತರು.

"ಕುಂತು ನಿದ್ದಿ ಮಾಡಿ ಸಾಕಾಗೇತಿ ಬೇ ನನಗ," ಎಂದು ಅವ್ವನಿಗೆ ಹೇಳಿ ನಮ್ಮವರು ಸಹಿ ಹಾಕಿದರು.

ಆಪರೇಶನ್ ಸುಸೂತ್ರವಾಗಿ ಆಯಿತು. ಗಾಯ ಮಾಯುವ ತನಕ ಮಷೀನ್ ಸುಮ್ಮನಿತ್ತು. ಆಮೇಲೆ ಚಾಲೂ ಮಾಡಿ, ಹೋದಾಗಲೆಲ್ಲ ಕರೆಂಟನ್ನು ಇಷ್ಟಿಷ್ಟೇ ಏರಿಸಿದರು. ಅದು ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಸುಮ್ಮನಾಗುತ್ತದೆ, ಮತ್ತೆ ಶುರುವಾಗುತ್ತದೆ. ಹಗಲೂ ರಾತ್ರಿ ಹೀಗೆಯೇ. ಅದು ಕೆಲಸ ಮಾಡುವಾಗ ಇವರ ಗಂಟಲು ಕಟ್ಟುತ್ತದೆ. ನೆಟ್ಟಗೆ ಮಾತಾಡುತ್ತಿದ್ದವರ ದನಿ ಇದ್ದಕ್ಕಿದ್ದಂತೆ ತಗಡು ಕೆರೆದ ಹಾಗಾಗಿ, ಕೆಮ್ಮು ಬಂದು, ಮತ್ತೆ ಸರಿಹೋಗುತ್ತದೆ. ದನಿಯ ಪೆಟ್ಟಿಗೆಗೆ ಹೋಗುವ ಎಳೆಯೂ ಅದೇ ನರದಲ್ಲಿದೆಯಂತೆ. ನಾವು ಕೇಳಿದ ಮೇಲೆ ಇದನ್ನು ಹೇಳಿದರು. ಅದೇ ಆ ವ್ಯತ್ಯಾಸ.

ಒಳ್ಳೆಯದೂ ಆಗಿತ್ತು. ಇವರು ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದರು. ನಿಲ್ಲದೆ ಹಿನ್ನೀರಿನ ದಂಡೆಯ ತನಕ ನಡೆದು ಹೋಗಿ ಬರುತ್ತಿದ್ದರು. ಹಿಂಡಿನ ಜೊತೆ ದೂರ ಹೋಗುವುದು ನಿಂತಿತ್ತು. ಹಗಲು ಮೈದುನ ಸಿದ್ದಪ್ಪ ಕಾಯುತ್ತಿದ್ದ, ಸಂಜೆ ಇವರು ಹೋಗಿ ಕರೆದು ಹಟ್ಟಿಗೆ ಕೂಡಿಸುತ್ತಿದ್ದರು. ಹಿಂಡು ಬರುತ್ತಿದ್ದುದು ಇವರ ದನಿಗೇ. ಸಿದ್ದಪ್ಪ ಎಷ್ಟು ಅರಚಿದರೂ ಅವು ಮೇಯುತ್ತಲೇ ಇರುತ್ತಿದ್ದವು.

ಈಗ ಇವರ ದನಿಗೂ ಬರುವುದನ್ನು ಬಿಟ್ಟವು.

ಮಷೀನ್ ಸುಮ್ಮನಿದ್ದಾಗ ಕರೆದರೆ ಕಿವಿ ನಿಗುರಿಸಿ ನಾಲ್ಕು ಹೆಜ್ಜೆ ಬರುತ್ತಿದ್ದವು. ಅಷ್ಟರಲ್ಲಿ ದನಿ ಕೆರೆಯುತ್ತಿತ್ತು. ಯಾರೋ ಅಪರಿಚಿತ ಕೂಗಿದನೆಂಬಂತೆ ತಿರುಗಿ ಓಡುತ್ತಿದ್ದವು. ಕಬ್ಬು ಸಾಗಿಸುವ ಕಾಲ ಅದು. ಒಂದು ಸಂಜೆ ಹಿಂಡು ರಸ್ತೆ ದಾಟುವಾಗ, ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಾಕಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಇವರು ನಿಲ್ಲಿಸಲು ಕೂಗಿದರು. ಬಾಯಿಂದ ಬಂದದ್ದು ಬರೀ ಕೆಮ್ಮು. ಮುಂದಿನವು ದಾಟಿದವು, ಹಿಂದಿನವು ಅವುಗಳ ಬೆನ್ನಿಗೇ ನುಗ್ಗಿದವು. ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದರೂ ಅಷ್ಟು ಭಾರ ಎಲ್ಲಿ ನಿಲ್ಲುತ್ತದೆ.

ಸತ್ತವುಗಳಲ್ಲಿ ಇವರ ಕೈಯಲ್ಲೇ ಹಾಲು ಕುಡಿದು ಬೆಳೆದ ತಬ್ಬಲಿ ಮರಿಯೂ ಒಂದು.

"ಈ ಮಷೀನ್ ತಗಸಿಬಿಡೂಣು," ಎಂದರು ಮನೆಗೆ ಬಂದು. "ಬಾಯಿ ಕಟ್ಟಿ ಎದಿ ನಡಸೂದು ಯಾ ಬಾಳೇ?"

"ಕುರಿ ಹೋದ್ರ ಮತ್ತ ಆಗ್ತಾವ. ನೀವು ಹೋದ್ರ ನಾ ಎಲ್ಲಿಂದ ತರ್ಲಿ?" ಎಂದೆ. ಸಿಟ್ಟಿನಲ್ಲೇ ಅಂದೆ. ಆ ವರ್ಷವೆಲ್ಲ ನಾನು ಸಿಟ್ಟಿಲ್ಲದೆ ಏನನ್ನೂ ಅಂದ ನೆನಪಿಲ್ಲ.

ಮುಂದಿನ ಭೇಟಿಯಲ್ಲಿ ಇದನ್ನೆಲ್ಲ ಹೇಳಿದೆವು. ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಅಂದು ಹೋದರು. ಸ್ಟಡಿಯ ಕೆಲಸ ನೋಡಿಕೊಳ್ಳಲು ಒಬ್ಬ ಹುಡುಗಿ ಇದ್ದಳು, ಕೋಆರ್ಡಿನೇಟರ್ ಎನ್ನುತ್ತಿದ್ದರು. ಕೆಟ್ಟವಳಲ್ಲ. ಯಾವಾಗ ನೋಡಿದರೂ ಓಡುತ್ತಲೇ ಇರುತ್ತಿದ್ದಳು. ಅವಳು ಡಬ್ಬಿಯೊಂದನ್ನು ತಂದು ಅದರಿಂದ ಕರೀ ಬಿಲ್ಲೆಯಂಥದ್ದನ್ನು ತೆಗೆದು ನನ್ನ ಕೈಗಿಟ್ಟಳು.

"ಮ್ಯಾಗ್ನೆಟ್ ಇದು. ಯಾವಾಗ್ಲೂ ಅವರ ಹತ್ರಾನೇ ಇರ್ಬೇಕು. ಎಲ್ಲೂ ಬಿಟ್ಟು ಹೋಗ್ಬಾರ್ದು, ಕಳೀಬಾರ್ದು. ಎಮರ್ಜೆನ್ಸಿಗೆ ಬೇಕಾಗತ್ತೆ. ಹೇಗೆ ಉಪಯೋಗಿಸೋದು ಅಂತ ಬುಕ್ಕಲ್ಲಿದೆ."

"ಏನ್ ಮಾಡ್ತದರೀ ಇದು?" ಎಂದು ಕೇಳಲು ಬಾಯಿ ತೆರೆದೆ. ಅವಳ ಫೋನು ಹೊಡೆದುಕೊಂಡಿತು. ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿ ಹೋದಳು. ನಮ್ಮ ಬಸ್ಸಿನ ಹೊತ್ತಾಗುವ ತನಕ ಕಾದೆವು, ಬರಲಿಲ್ಲ. ಬುಕ್ಕು ಇಂಗ್ಲಿಷಿನಲ್ಲಿತ್ತು.

ಈಗ ಕೇಳಿ. ಮ್ಯಾಗ್ನೆಟ್ ಏನೆಂದು ತಿಳಿಯದವಳಲ್ಲ ನಾನು. ನನ್ನ ಹೊಲಿಗೆ ಮಷೀನಿನ ಕಾಲಿಗೇ ಒಂದು ಅಂಟಿಕೊಂಡಿದೆ, ಚೆಲ್ಲಿದ ಸೂಜಿ, ಟಾಚಣಿಗಳನ್ನು ಅದರಿಂದಲೇ ಆರಿಸುತ್ತೇನೆ. ಎದೆಯೊಳಗೆ ಲೋಹದ ಪೆಟ್ಟಿಗೆ ಇದೆ, ಮೇಲಿಂದ ಮ್ಯಾಗ್ನೆಟ್ ಕೊಟ್ಟಿದ್ದಾರೆ, ಹತ್ತಿರವೇ ಇರಬೇಕು ಎಂದಿದ್ದಾರೆ. ಪೆಟ್ಟಿಗೆ ಜರುಗದ ಹಾಗೆ ಹಿಡಿದಿಡಲು ಕೊಟ್ಟಿದ್ದಾರೆ ಎಂದು ತಿಳಿದೆ. ಇದಕ್ಕಿಂತ ಬೇರೆ ಏನು ತಿಳಿಯಬೇಕಿತ್ತು, ಯಾರಾದರೂ ಹೇಳಲಿ.

ಇನ್ನು ಕುರಿ ಕಾಯುವವನು ಒಂದು ವಸ್ತುವನ್ನು ಕಳೆಯದ ಹಾಗೆ ಹತ್ತಿರ ಇಟ್ಟುಕೊಳ್ಳುವುದು ಹೇಗೆ? ಕಿಸೆಯಲ್ಲಿ ಇಟ್ಟರೆ ಉಳಿಯುವುದಿಲ್ಲ. ಅವನು ದಿನಕ್ಕೆ ಸಾವಿರ ಸಲ ಬಾಗುತ್ತಾನೆ, ಮರಿ ಎತ್ತುತ್ತಾನೆ, ಮುಳ್ಳುಬೇಲಿಯಲ್ಲಿ ನುಸುಳುತ್ತಾನೆ. ಹಾಗಾಗಿ ನಮ್ಮಲ್ಲಿ ಕಳೆಯಬಾರದ್ದು ಏನಿದ್ದರೂ ಕೊರಳಿಗೇ ಹೋಗುತ್ತದೆ. ನಮ್ಮವರ ಕೊರಳಲ್ಲಿ ನಮ್ಮ ದೇವರು ಬೀರಪ್ಪನ ಭಂಡಾರದ, ಅಂದರೆ ಅರಿಷಿಣದ, ಸಣ್ಣ ಚೀಲ ಮದುವೆಗೆ ಮುಂಚಿನಿಂದಲೂ ಇತ್ತು. ಅದನ್ನು ಬಿಚ್ಚಿ ಹೊಸ ಬಟ್ಟೆಯಲ್ಲಿ ಹೊಲಿದೆ. ಒಳಗೆ ಮ್ಯಾಗ್ನೆಟ್, ಸುತ್ತ ಅರಿಷಿಣದ ಪುಡಿ, ಬೆವರಿಗೆ ಹಾಳಾಗದಿರಲಿ ಎಂದು ಎರಡು ಪದರ, ಎರಡು ಹೊಲಿಗೆ. ದಾರದ ಅಳತೆಯನ್ನು ಇವರನ್ನು ಎದುರಿಗೆ ನಿಲ್ಲಿಸಿಕೊಂಡೇ ತೆಗೆದೆ. ಮಷೀನಿನ ಉಬ್ಬಿನ ಮೇಲೆ ಸರಿಯಾಗಿ ಕೂರಬೇಕು ಎಂದು ಬಲಗಡೆಗೊಂದು ಲಾಡಿ ಕೊಟ್ಟು ಬಗಲ ಕೆಳಗೆ ಕಟ್ಟುವ ಹಾಗೆ ಮಾಡಿದೆ. ಬಾಗಿದರೂ ಜರುಗದ ಹಾಗೆ.

ಇಷ್ಟು ಚೊಕ್ಕ ಕೆಲಸವನ್ನು ನಾನು ಯಾವ ಮದುವಣಗಿತ್ತಿಯ ಬ್ಲೌಸಿಗೂ ಮಾಡಿಲ್ಲ.

ಮರುದಿನ ಸಂಜೆ ಇವರು ಕರೆದರು. ಬದುವಿನ ಮೇಲೆ ನಿಂತು, ಕೆಳಗಿನಿಂದ ಎದ್ದು, ಗುರುಗುಟ್ಟಿ, ಮೇಲಕ್ಕೆ ಹೋಗಿ ನಿಂತ ಪೂರ್ತಿ ಕರೆ. ಕೆಮ್ಮಿಲ್ಲ, ಕೆರೆತವಿಲ್ಲ. ಹಿಂಡು ಧೂಳೆಬ್ಬಿಸಿಕೊಂಡು ಬಂತು. ಸಿದ್ದಪ್ಪ ನಿಂತಲ್ಲೇ ನಗತೊಡಗಿದ. ಅತ್ತೆ ಬೀರಪ್ಪನ ಗುಡಿಗೆ ಹೋಗಿ ಎಣ್ಣೆ ಹಾಕಿ ಬಂದರು. "ನಮ್ಮಪ್ಪನ ಚೀಲದಾಗ ಇಟ್ಟಿದ್ದಕ್ಕ ಸುದ್ದ ಆತು ನೋಡ," ಎಂದು ಓಣಿಗೆಲ್ಲ ಹೇಳಿದರು. ನಾನು ಅಷ್ಟು ಹೇಳಲಿಲ್ಲ. ದೇಹಕ್ಕೆ ಮಷೀನು ಒಗ್ಗಿತು ಎಂದುಕೊಂಡೆ. ಆದರೆ ನನಗೂ ಸಂತೋಷವಾಗಿತ್ತು. ಬಹಳ ದಿನದ ಮೇಲೆ ಮನೆಯಲ್ಲಿ ಒಬ್ಬರ ಮೇಲೊಬ್ಬರು ರೇಗದೆ ಉಂಡೆವು.

ಆಮೇಲೆ ಕಾಲು ಮತ್ತೆ ಬಾತವು.

ಮೊದಲು ಸಂಜೆ ಮಾತ್ರ, ಆಮೇಲೆ ದಿನವೆಲ್ಲ. ನಾನು ಅತ್ತೆಯ ಮೇಲೆ ಹರಿಹಾಯ್ದೆ, ಮಗನಿಗೆ ಕದ್ದು ಉಪ್ಪಿನಕಾಯಿ ಕೊಡುತ್ತೀರಿ ಎಂದು. ಅವರು ಆಣೆ ಹಾಕಿದರು. ನಾನು ನಂಬಲಿಲ್ಲ. ಇವರು ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳತೊಡಗಿದರು, ಕೊನೆಗೆ ಮತ್ತೆ ಗೋಡೆಗೇ ಬಂದರು. ಹಿಂಡು ಕರೆದು ಬಂದ ಮೇಲೆ ಮಾತಾಡಲು ಬಹಳ ಹೊತ್ತು ಹಿಡಿಯುತ್ತಿತ್ತು. ಭೇಟಿಯ ದಿನಕ್ಕೆ ಕಾಯದೆ ಹೊರಟೆವು. ಬಸ್ಸಿನಲ್ಲಿ ಇವರು ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಕುಳಿತಿದ್ದರು. ಬದುಕಿಸಿಕೊಂಡು ವಾಪಸ್ಸು ಕರೆತರುತ್ತೇನೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ತಪಾಸಣೆಯ ಕೋಣೆಯಲ್ಲಿ ಕಬ್ಬಿಣದ ಮಂಚ. ಅಂಗಿ ಬಿಚ್ಚಿ ಮಲಗಲು ಹೇಳಿದರು. ಇವರು ಲಾಡಿ ಸಡಿಲಿಸಿ ಚೀಲವನ್ನು ಪಕ್ಕಕ್ಕೆ ಸರಿಸಿದರು. ಅದು ಹೋಗಿ ಮಂಚದ ಕಂಬಿಗೆ ಟಕ್ಕೆಂದು ಅಂಟಿತು.

ಹಿರಿಯ ಡಾಕ್ಟರು ಆ ಚೀಲವನ್ನು ನೋಡಿದರು. ಎಳೆದು ನೋಡಿದರು.

"ಇದನ್ನ ಯಾರು ಕಟ್ಟಿದ್ದು?"

"ನಾನ್ರಿ."

"ಮ್ಯಾಗ್ನೆಟ್ ಇಟ್ರೆ ಮಷೀನ್ ನಿಲ್ಲತ್ತೆ! ತೊಂದ್ರೆ ಆದ್ರೆ ಸ್ವಲ್ಪ ಹೊತ್ತು ನಿಲ್ಲಿಸೋಕೆ ಕೊಟ್ಟಿದ್ದು ಇದು. ಇಷ್ಟು ದಿನವೂ ಆಫ್ ಮಾಡ್ಕೊಂಡು ಓಡಾಡಿದಾರೆ ನಿಮ್ಮ ಯಜಮಾನ್ರು. ಅದಕ್ಕೇ ಈ ಸ್ಥಿತಿ. ಬುದ್ಧಿ ಇದೆಯಾ ನಿಮಗೆ?"

ಆ ಅಳತೆ, ಆ ಲಾಡಿ, ಆ ಎರಡು ಹೊಲಿಗೆ ಎಲ್ಲ ಒಮ್ಮೆಗೇ ಕಣ್ಣಿಗೆ ಬಂದವು.

ಅವರು ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬಹುಶಃ ಜೀವನವಿಡೀ ತಲೆ ತಗ್ಗಿಸಿಕೊಂಡೇ ಇರುತ್ತಿದ್ದೆ. ಬಿಡಲಿಲ್ಲ. ಹಿಂದೆ ನಿಂತಿದ್ದ ವಿದ್ಯಾರ್ಥಿಗಳ ಕಡೆ ತಿರುಗಿ, ನೋಡಿ, ತಾಯಿತ, ಮೂಢನಂಬಿಕೆ, ಇವರಿಗೆ ಎಷ್ಟು ಹೇಳಿದರೂ ಇಷ್ಟೇ ಎಂದರು. ಕೋಆರ್ಡಿನೇಟರ್ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಕೇಳಿದರು. ಅವಳು ನನ್ನ ಮುಖ ನೋಡದೆ, "ಹೇಳಿದ್ದೆ ಸಾರ್," ಎಂದಳು.

ಹೇಳಿದ್ದೇವಲ್ಲ.

ಅಷ್ಟರಲ್ಲಿ ಚಿಕ್ಕ ಡಾಕ್ಟರೊಬ್ಬ ಕತ್ತರಿ ತಂದು ದಾರ ಕತ್ತರಿಸಿ, ಚೀಲವನ್ನು ಸೀಳಿ ಮ್ಯಾಗ್ನೆಟ್ ತೆಗೆದ. ಭಂಡಾರವೆಲ್ಲ ನೆಲದ ಮೇಲೆ ಚೆಲ್ಲಿತು. ನಮ್ಮವರು, ಉಸಿರು ಹಿಡಿಯಲಾಗದ ಮನುಷ್ಯ, ಮಂಚದಿಂದ ಇಳಿದು ಮೊಣಕಾಲೂರಿ ಅದನ್ನು ಅಂಗೈಯಲ್ಲಿ ಬಳಿಯತೊಡಗಿದರು. ಯಾರೂ ಬಾಗಲಿಲ್ಲ. ನಾನು ಬಾಗಿದೆ. ಇವರು ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡು, "ಎತ್ತ ನನ್ನ," ಎಂದರು. ಎತ್ತಿ ಕೂರಿಸಿ, ಕೈಯಲ್ಲಿ ಅರಿಷಿಣ ಹಿಡಿದುಕೊಂಡೇ ಡಾಕ್ಟರ ಕಡೆ ತಿರುಗಿದೆ.

"ಭಂಡಾರ ನಮ್ದರಿ. ಸೂಜಿಗಲ್ಲ ನಿಮ್ದು. ಮಷೀನ್ ಬಂದ್ ಮಾಡಿದ್ದು ಯಾವ್ದು, ನೀವ ಹೇಳ್ರಿ."

ಚಿಕ್ಕ ಡಾಕ್ಟರು ಕತ್ತರಿಯನ್ನು ಕಿಸೆಗಿಟ್ಟುಕೊಂಡರು.

"ಹತ್ತರ ಇಡ್ರಿ ಅಂದ್ರಿ, ಇಟ್ಟೀವಿ. ಕಳೀಬ್ಯಾಡ್ರಿ ಅಂದ್ರಿ, ಕಳದಿಲ್ಲ. ಅದು ಏನ್ ಮಾಡ್ತೈತಿ ಅಂತ ಒಂದ್ ಮಾತ ಹೇಳಾಕ ನಿಮಗ ವ್ಯಾಳ್ಯಾ ಸಿಗಲಿಲ್ಲ. ಈಗ ಬಯ್ಯಾಕ ಮಾತ್ರ ಎಲ್ಲಾರಿಗೂ ವ್ಯಾಳ್ಯಾ ಐತಿ."

ಡಾಕ್ಟರು ಅಡ್ಮಿಟ್ ಎಂದು ಬರೆದು ಹೊರಟರು.

ಐಸಿಯುವಿನಲ್ಲಿ ಇಟ್ಟರು. ನೀರಿಳಿಸುವ ಇಂಜೆಕ್ಷನ್ ಕೊಟ್ಟರು, ಆಮ್ಲಜನಕ ಹಚ್ಚಿದರು. ಮಷೀನ್ ಮತ್ತೆ ತನ್ನ ಕೆಲಸ ಶುರುಮಾಡಿತು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಬೆರಳ ಸಂದಿಯ ಅರಿಷಿಣವನ್ನು ನೋಡುತ್ತಿದ್ದೆ. ಇವರು ಸತ್ತರೆ ಊರಲ್ಲಿ ಎಲ್ಲರೂ, ಹೆಂಡತಿಯೇ ಮಷೀನ್ ಬಂದ್ ಮಾಡಿದಳು ಎನ್ನುತ್ತಾರೆ. ಅತ್ತೆ ಬಾಯಿಬಿಟ್ಟು ಅನ್ನುವುದಿಲ್ಲ, ಆದರೆ ನಾನು ಹೊಲಿದ ಬ್ಲೌಸ್ ತೊಡುವುದನ್ನು ಬಿಡುತ್ತಾರೆ. ಇಂಥವೇ ಯೋಚನೆಗಳು. ಗಂಡ ಹೋಗುತ್ತಾನೆ ಎಂಬ ಭಯ ಒಂದು ಕಡೆ, ಆ ಸಾವಿಗೆ ನನ್ನ ಹೆಸರು ಅಂಟುತ್ತದೆ ಎಂಬ ಸಂಕಟ ಇನ್ನೊಂದು ಕಡೆ. ಯಾವುದಕ್ಕೆ ಅಳುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಆ ಹುಡುಗಿ ಬಂದು ಪಕ್ಕದಲ್ಲಿ ಕುಳಿತಳು. ಚಹಾ ತಂದಿದ್ದಳು. ಕುಡಿಯಲಿಲ್ಲ.

"ಅಕ್ಕಾ, ನಾನು ಅವತ್ತು ವಾಪಸ್ ಬರ್ಬೇಕಿತ್ತು," ಎಂದಳು.

"ಅಲ್ಲಿ ಹೇಳಬೇಕಿತ್ತವ್ವಾ ಇದನ್ನ, ಅವರ ಮುಂದ," ಎಂದೆ.

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಆದರೆ ಅವಳು ಆಮೇಲೆ ಮ್ಯಾಗ್ನೆಟ್ ಹಿಡಿದು ಎಲ್ಲಿ ಇಡಬೇಕು, ತೆಗೆದ ಮೇಲೆ ಏನಾಗುತ್ತದೆ, ಯಾವಾಗ ಇಡಲೇಬಾರದು ಎಂದು ನನ್ನ ಕೈಯಿಂದಲೇ ಮಾಡಿಸಿ ತೋರಿಸಿದಳು. ಮೊದಲೇ ಆಗಬೇಕಿದ್ದ ಕೆಲಸ. ಅಂದು ಫೋನು ಹೊಡೆದುಕೊಂಡರೂ ಅವಳು ಎತ್ತಲಿಲ್ಲ.

ನಮ್ಮವರು ಬದುಕಿದರು. ಬಾವು ಇಳಿದು, ಸೊಂಟದ ಪಂಚೆ ಸಡಿಲಾಗಿ, ಗೋಡೆಯ ಆಸರೆ ಇಲ್ಲದೆ ಮಲಗಿ ಮನೆಗೆ ಬಂದರು. ದನಿ ಮತ್ತೆ ಕೆರೆಯತೊಡಗಿತು. ಈ ಸಲ ಆ ಕೆರೆತ ಕೇಳಿದರೆ ನನಗೆ ಜೀವ ಬಂದಂತಾಗುತ್ತಿತ್ತು. ಮಷೀನ್ ನಡೆಯುತ್ತಿದೆ ಎಂದು ಅದರಿಂದಲೇ ತಿಳಿಯುವುದು.

ಹೀಗೇ ಮುಗಿಸಬಹುದಿತ್ತು. ಆದರೆ ಸ್ಟಡಿ ಮುಗಿದ ಮೇಲೆ ಹಿರಿಯ ಡಾಕ್ಟರು ನಮ್ಮನ್ನು ಕರೆಸಿದರು. ಬೇರೆ ಬೇರೆ ಕಡೆ ಇಂಥ ಮಷೀನ್ ಹಾಕಿ ನೋಡಿದ್ದಾರೆ, ಕೆಲವು ಕಡೆ ಉಪಯೋಗ ಕಂಡಿದೆ, ಕೆಲವು ಕಡೆ ಕಂಡಿಲ್ಲ, ಇದರಿಂದಲೇ ಗುಣ ಎಂದು ಗಟ್ಟಿಯಾಗಿ ಹೇಳುವ ಹಾಗಿಲ್ಲ ಎಂದರು. ಬ್ಯಾಟರಿ ಮುಗಿದರೆ ಹೊಸದು ಹಾಕುತ್ತೇವೆಂದು ಹೇಳಲಾಗುವುದಿಲ್ಲ. ಅಲ್ಲಿಯ ತನಕ ಇಟ್ಟುಕೊಳ್ಳುವುದೋ, ಬಂದ್ ಮಾಡಿಸುವುದೋ, ನಿಮ್ಮ ಇಷ್ಟ.

ನಾನು ಒಂದೇ ಪ್ರಶ್ನೆ ಕೇಳಿದೆ.

"ಹಂಗಾದ್ರ ಅವತ್ತ ಇವರಿಗೆ ಬಾವು ಬಂದಿದ್ದು ಮಷೀನ್ ಬಂದ್ ಇದ್ದದ್ದಕ್ಕ ಏನ್ರಿ?"

"ಹಾಗಂತ ಖಚಿತವಾಗಿ ಹೇಳೋಕಾಗಲ್ಲಮ್ಮ. ಈ ಕಾಯಿಲೆಯಲ್ಲಿ ಏರಿಳಿತ ಇದ್ದೇ ಇರತ್ತೆ."

"ಅವತ್ತ ಖಚಿತ ಹೇಳಿದ್ರಲ್ಲರಿ. ಎಲ್ಲಾರ ಮುಂದ ಹೇಳಿದ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗೆ ಹೇಳಬಾರದಿತ್ತು," ಎಂದರು. ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಬಯ್ದಾಗ ಕೋಣೆ ತುಂಬ ಜನರಿದ್ದರು. ಹಾಗಿದ್ದರೂ ಅಷ್ಟನ್ನಾದರೂ ಅಂದರಲ್ಲ ಎಂದು ಅದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ಬದುಕಿರುವುದು ಮಷೀನಿನಿಂದಲೋ, ಗುಳಿಗೆಯಿಂದಲೋ, ಉಪ್ಪು ಬಿಟ್ಟಿದ್ದರಿಂದಲೋ ಯಾರಿಗೂ ಗೊತ್ತಿಲ್ಲ. ನಾನು ಅವರನ್ನು ಕೊಲ್ಲುತ್ತಿದ್ದೆ ಎಂಬುದು ಮಾತ್ರ ಅಂದು ಎಲ್ಲರಿಗೂ ಗೊತ್ತಿತ್ತು. ಅವರ ದಾಖಲೆಗಳಲ್ಲಿ ಎಲ್ಲೋ ಒಂದು ಕಡೆ ಈ ರೋಗಿ ಸೂಚನೆ ಪಾಲಿಸಲಿಲ್ಲ ಎಂದು ಬರೆದಿರುತ್ತಾರೆ. ಪಾಲಿಸಿದೆವು. ಹೇಳಿದ್ದಕ್ಕಿಂತ ಹೆಚ್ಚು ಪಾಲಿಸಿದೆವು. ನಾನು ಇದನ್ನು ಬರೆಯುತ್ತಿರುವುದು ಅದಕ್ಕೇ.

ಬಂದ್ ಮಾಡಿಸುವುದೋ ಬೇಡವೋ ಎಂದು ಬಸ್ಸಿನಲ್ಲಿ ಇವರನ್ನು ಕೇಳಿದೆ. ಇವರು ಎದೆಯ ಉಬ್ಬಿನ ಮೇಲೆ ಕೈ ಇಟ್ಟುಕೊಂಡರು.

"ಮುಂದ ತಡ್ಯಾಕ ಒಬ್ಬಾಂವ ನಿಂತಾನ. ಉಪಯೋಗ ಐತೋ ಇಲ್ಲೋ, ನಿಂತಾನ. ಯಾಕ ಕಳಸೂದು? ಇರ್ಲಿ ಬಿಡ."

ಈಗ ಮ್ಯಾಗ್ನೆಟ್ ನನ್ನ ಹೊಲಿಗೆ ಮಷೀನಿನ ಕಾಲಿಗೆ, ಸೂಜಿ ಆರಿಸುವ ಮ್ಯಾಗ್ನೆಟ್ಟಿನ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ. ಇವರ ಕೊರಳಿಗೆ ಹೊಸ ಚೀಲ ಹೊಲಿದುಕೊಟ್ಟಿದ್ದೇನೆ. ಅದರಲ್ಲಿ ಬರೀ ಭಂಡಾರ. ಹೊತ್ತು ಇಳಿಯುವಾಗ ನಾನು ಮ್ಯಾಗ್ನೆಟ್ ಕಿತ್ತುಕೊಂಡು ಇವರ ಜೊತೆ ಹೋಗುತ್ತೇನೆ. ಸಿದ್ದಪ್ಪ ದೂರದಲ್ಲಿ ಹಿಂಡಿನ ಹಿಂದೆ ನಿಂತಿರುತ್ತಾನೆ. ಇವರು ಬದುವಿನ ಮೇಲೆ ಕಾಲೂರುತ್ತಾರೆ. ಗಂಡನ ಎದೆಯ ಮೇಲೆ ಬಯಲಲ್ಲಿ ಕೈ ಇಡುವುದಕ್ಕೆ ಮೊದಮೊದಲು ನಾಚಿಕೆಯಾಗುತ್ತಿತ್ತು, ಹೊಲದವರು ನಿಂತು ನೋಡುತ್ತಿದ್ದರು. ಈಗ ನೋಡಿದರೆ ನೋಡಲಿ.

ಅಂಗಿಯ ಮೇಲಿಂದಲೇ ಆ ಉಬ್ಬನ್ನು ಹುಡುಕಿ ಮ್ಯಾಗ್ನೆಟ್ ಒತ್ತಿ ಹಿಡಿಯುತ್ತೇನೆ. ಇವರು ಉಸಿರೆಳೆದುಕೊಳ್ಳುತ್ತಾರೆ. ಕರೆ ಕೆಳಗಿನಿಂದ ಏಳುವುದು, ಗುರುಗುಟ್ಟುವುದು ನನ್ನ ಅಂಗೈಗೆ ತಿಳಿಯುತ್ತದೆ. ಉಸಿರು ಮೊದಲಿನಷ್ಟು ಇಲ್ಲ, ಕೊನೆಯಲ್ಲಿ ಸ್ವಲ್ಪ ಮೊದಲೇ ನಿಲ್ಲುತ್ತದೆ. ಕುರಿಗಳು ಅಷ್ಟಕ್ಕೆ ಹೊಂದಿಕೊಂಡಿವೆ. ತಲೆ ಎತ್ತುತ್ತವೆ, ತಿರುಗುತ್ತವೆ, ಬರತೊಡಗುತ್ತವೆ.

ಮೊದಲ ಕುರಿ ಬದು ಮುಟ್ಟುವ ಮುಂಚೆಯೇ ಇವರು, "ಸಾಕ, ತಗಿ," ಎನ್ನುತ್ತಾರೆ.

ತೆಗೆಯುತ್ತೇನೆ. ಆಮೇಲೆ ಇಬ್ಬರೂ ನಿಂತು ಕಾಯುತ್ತೇವೆ, ಮಷೀನ್ ಮತ್ತೆ ಶುರುವಾಗಿ ಇವರಿಗೆ ಕೆಮ್ಮು ಬರುವ ತನಕ. ಕೆಮ್ಮು ಬಂದ ಮೇಲೆ ಮನೆಗೆ ಹೊರಡುತ್ತೇವೆ.